ಗೆದ್ದ ಹಣ ಕೊಡಿಸುವವರು ಯಾರು?

ಮಿತಾಕ್ಷರಾ ಎಂದೊಡನೆ ನಮಗೆ ನೆನಪಾಗುವುದು ಆಸ್ತಿ ಹಂಚಿಕೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಈ ಗ್ರಂಥ ಬರೆದ, ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ, ಬಂಗಾಳ ಬಿಟ್ಟು ದೇಶದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗದ ಕಾನೂನಿಗೆ ಅದೇ ಆಧಾರವಾಯಿತು. ಇಷ್ಟನ್ನು ನಾನೂ ಮೂವತ್ತು ವರ್ಷಗಳಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದಿದ್ದೇನೆ. ವಿಜ್ಞಾನೇಶ್ವರ ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಹೇಳುವುದುಂಟು. ಹಾಗಾಗಿ ಈ ಪಾಠ ಬಂದಾಗ ಹುಡುಗರು ಸ್ವಲ್ಪ ನೆಟ್ಟಗೆ ಕೂಡುತ್ತಾರೆ. ಆದರೆ ಆ ದೊಡ್ಡ ಗ್ರಂಥದಲ್ಲಿ ಜೂಜಿನ ಬಗೆಗೂ ಒಂದು ಪ್ರಕರಣವಿದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಹೇಳಬಾರದೆಂದೇ ಬಿಟ್ಟಿರಬಹುದು.

ಪ್ರಕರಣದ ಹೆಸರು ದ್ಯೂತಸಮಾಹ್ವಯ. ಕವಡೆ, ಪಗಡೆಯಂಥ ನಿರ್ಜೀವ ವಸ್ತುಗಳಿಂದ ಆಡಿದರೆ ದ್ಯೂತ, ಟಗರು, ಕೋಳಿ ಕಾದಾಡಿಸಿದರೆ ಸಮಾಹ್ವಯ. ಜೂಜುಕಟ್ಟೆ ನಡೆಸುವವನಿಗೆ ಸಭಿಕನೆಂದು ಹೆಸರು. ಅವನು ಗೆದ್ದವನಿಂದ ನೂರಕ್ಕೆ 5ರಂತೆ, ಕೆಲವೆಡೆ 10ರಂತೆ ತನ್ನ ಪಾಲು ತೆಗೆದುಕೊಳ್ಳಬೇಕು, ಅದರಲ್ಲಿ ಗೊತ್ತಾದ ಭಾಗವನ್ನು ರಾಜನಿಗೆ ಸಲ್ಲಿಸಬೇಕು. ಸೋತವನಿಂದ ಹಣ ವಸೂಲು ಮಾಡಿ ಗೆದ್ದವನ ಕೈಗೆ ಮುಟ್ಟಿಸುವುದು ಅವನ ಕೆಲಸ. ಇಷ್ಟೇ ಆಗಿದ್ದರೆ ಅದನ್ನು ಓದಿ ಮರೆಯಬಹುದಿತ್ತು. ಮುಂದೊಂದು ಮಾತಿದೆ. ರಾಜಭಾಗ ಸಂದಿರುವ, ಸಭಿಕನಿರುವ, ಎಲ್ಲರಿಗೂ ಗೊತ್ತಿರುವ ಕಟ್ಟೆಯಲ್ಲಿ ಆಟ ನಡೆದಿದ್ದರೆ ಗೆದ್ದ ಹಣವನ್ನು ರಾಜನೇ ಕೊಡಿಸಬೇಕು. ಬೇರೆಡೆ ಗುಟ್ಟಾಗಿ ಆಡಿದ್ದರೆ ಕೊಡಿಸಬೇಕಾದ ಹೊಣೆ ಅವನಿಗಿಲ್ಲ.

ಜೂಜು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿಲ್ಲ. ಮನು ಅದನ್ನು ರಾಜ್ಯದಿಂದಲೇ ಓಡಿಸಬೇಕೆಂದ. ಕೌಟಿಲ್ಯನಿಗೋ ಅದರಲ್ಲಿ ಬೊಕ್ಕಸಕ್ಕೆ ಬರುವ ನೂರಕ್ಕೆ 5 ಕಾಣಿಸಿತು, ದಾಳ ಬಾಡಿಗೆ, ನೀರಿನ ಶುಲ್ಕ ಕೂಡ ಬಿಡಲಿಲ್ಲ. ಯಾಜ್ಞವಲ್ಕ್ಯನ ಪ್ರಶ್ನೆ ಬೇರೆ. ಹಣ ಯಾರ ಕೈಯಲ್ಲಿದೆ, ಕೊಡದಿದ್ದರೆ ಯಾರನ್ನು ಹಿಡಿಯಬೇಕು? ಕಡಲಾಚೆಯ ದ್ವೀಪದಲ್ಲಿ ಕೂತವರು ನಮ್ಮೂರ ಹುಡುಗರ ಕೈಯಲ್ಲಿನ ಮೊಬೈಲಿನಲ್ಲಿ ಕಟ್ಟೆ ಹಾಕಿರುವ ಈ ದಿನಗಳಲ್ಲಿ ನನಗೆ ಆ ಪ್ರಶ್ನೆ ಮತ್ತೆ ಮತ್ತೆ ನೆನಪಾಗುತ್ತದೆ.

ಇಂಗ್ಲಿಷರು ಬಂದ ಮೇಲೆ ಈ ಲೆಕ್ಕವೇ ಬದಲಾಯಿತು. ಅವರ ನಾಡಿನಲ್ಲಿ 1845ರ ಕಾಯಿದೆ ಬಾಜಿಯ ಒಪ್ಪಂದಗಳಿಗೆ ಕೋರ್ಟಿನ ಬಾಗಿಲು ಮುಚ್ಚಿತ್ತು. ಅದೇ ನೀತಿ ನಮ್ಮ 1872ರ ಕರಾರು ಕಾಯಿದೆಯ 30ನೆಯ ಕಲಮಿನಲ್ಲಿ ಬಂದು ಕೂತಿತು. ಬಾಜಿಯ ಕರಾರು ಶೂನ್ಯ, ಗೆದ್ದದ್ದನ್ನು ಕೊಡಿಸಿ ಎಂದು ದಾವೆ ಹೂಡುವಂತಿಲ್ಲ. ದೊಡ್ಡವರ ಹವ್ಯಾಸವಲ್ಲವೇ, ಕುದುರೆ ಪಂದ್ಯದ ಬಹುಮಾನಕ್ಕೆ ಮಾತ್ರ ಸಣ್ಣ ವಿನಾಯಿತಿ ಇಟ್ಟರು. 1959ರಲ್ಲಿ ಘೇರುಲಾಲ್ ಪಾರಖ್ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಇಂಥ ಕರಾರು ಶೂನ್ಯವೇ ಹೊರತು ಕಾನೂನುಬಾಹಿರವಲ್ಲ ಎಂದು ಬಿಡಿಸಿ ಹೇಳಿತು. ತಮಾಷೆಯೆಂದರೆ, ಇಂಗ್ಲಿಷರು ತಮ್ಮ 2005ರ ಜೂಜು ಕಾಯಿದೆಯಿಂದ ಹಳೆಯ ನಿಯಮವನ್ನು ಕೈಬಿಟ್ಟರು. 2007ರ ಸೆಪ್ಟೆಂಬರಿನಿಂದ ಅಲ್ಲಿ ಜೂಜಿನ ಬಾಕಿಗೆ ಕೋರ್ಟಿಗೆ ಹೋಗಬಹುದು. 162 ವರ್ಷ ಸುತ್ತಿ ಅವರು ಯಾಜ್ಞವಲ್ಕ್ಯನ ಹತ್ತಿರ ಬಂದರು. ಅವರು ಕೊಟ್ಟುಹೋದ ಕಲಮನ್ನು ಹಿಡಿದುಕೊಂಡು ನಾವು ಅಲ್ಲೇ ಇದ್ದೇವೆ.

ಹಾಗಾದರೆ ಕೋರ್ಟಿಲ್ಲದೆ ಇಷ್ಟು ಕಾಲ ಜೂಜು ನಡೆದದ್ದು ಹೇಗೆ? ನಮ್ಮ ಕಡೆಯ ಓಸಿ ಆಟವನ್ನೇ ತೆಗೆದುಕೊಳ್ಳಿ. ಮಟ್ಕಾದ ಇನ್ನೊಂದು ಹೆಸರು ಅದು, ಓಪನ್ ಕ್ಲೋಸ್ ಎಂಬುದರ ಮೊಟಕು. ಅದರ ಮೂಲವೂ ಪರದೇಶದ್ದೇ. ನ್ಯೂಯಾರ್ಕಿನ ಹತ್ತಿಪೇಟೆಯ ಆರಂಭದ ಮತ್ತು ಮುಕ್ತಾಯದ ದರ ತಂತಿಯಲ್ಲಿ ಮುಂಬಯಿಗೆ ಬರುತ್ತಿತ್ತು, ಆ ಅಂಕಿಗಳ ಮೇಲೆ ಬಾಜಿ. ಅರವತ್ತರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಮಡಕೆಯಿಂದ ಚೀಟಿ ಎತ್ತತೊಡಗಿದರು. ಎಷ್ಟೋ ಮನೆಗಳ ತಾಳಿ, ತಪ್ಪೇಲಿ ಎಲ್ಲವೂ ಅದಕ್ಕೆ ಹೋದವು, ಅದನ್ನು ಹೊಗಳಲು ನಾನು ಹೊರಟಿಲ್ಲ. ಆದರೆ ಚೀಟಿ ಬರೆಯುವವನು ಅದೇ ಓಣಿಯವನು, ಅದೇ ಚಹಾದಂಗಡಿಯಲ್ಲಿ ಕೂಡುವವನು. ನಂಬರು ಹತ್ತಿದ ದಿನ ದುಡ್ಡು ಕೊಡದಿದ್ದರೆ ಮರುದಿನ ಅವನ ಕಟ್ಟೆಗೆ ಯಾರೂ ಹೋಗುತ್ತಿರಲಿಲ್ಲ, ಅಷ್ಟೇ ಅಲ್ಲ, ಅವನ ಮನೆ ಬಾಗಿಲು ಎಲ್ಲರಿಗೂ ಗೊತ್ತಿತ್ತು. ಪೊಲೀಸರ ಕಣ್ಣಲ್ಲಿ ಕಳ್ಳನಾದರೂ ಗಿರಾಕಿಯ ಕಣ್ಣಲ್ಲಿ ಅವನು ಸಭಿಕನೇ.

ಕಡಲು ದಾಟಿದಾಗ ಈ ಮನೆ ಬಾಗಿಲು ಇಲ್ಲವಾಗುತ್ತದೆ. ಅದು ಇಂಟರ್ನೆಟ್ಟಿನಿಂದ ಶುರುವಾದದ್ದಲ್ಲ. 1930ರಲ್ಲಿ ಐರ್ಲೆಂಡ್ ತನ್ನ ಆಸ್ಪತ್ರೆಗಳ ಸಹಾಯಾರ್ಥ ಐರಿಷ್ ಹಾಸ್ಪಿಟಲ್ಸ್ ಸ್ವೀಪ್‌ಸ್ಟೇಕ್ ಎಂಬ ಲಾಟರಿಯನ್ನು ಕುದುರೆ ಪಂದ್ಯಗಳ ಮೇಲೆ ಆರಂಭಿಸಿತು. ನರ್ಸುಗಳ ಉಡುಪಿನ ಹೆಣ್ಣುಮಕ್ಕಳು ದೊಡ್ಡ ಪೀಪಾಯಿಯಿಂದ ಚೀಟಿ ಎತ್ತುವ ಫೋಟೋಗಳು ಲೋಕಪ್ರಸಿದ್ಧವಾದವು. ಟಿಕೆಟ್ಟುಗಳ ಬಹುಪಾಲು ಮಾರಾಟವಾದದ್ದು ಮಾತ್ರ ಅದು ನಿಷಿದ್ಧವಾಗಿದ್ದ ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ. ಬ್ರಿಟನ್ 1934ರಲ್ಲಿ ಕಾಯಿದೆ ಬಿಗಿ ಮಾಡಿತು. ಅಮೆರಿಕದ ಅಂಚೆ ಇಲಾಖೆ ಲಕೋಟೆಗಳನ್ನು ತಡೆಹಿಡಿಯಿತು. ಆದ್ದರಿಂದ ಹಣವನ್ನೂ ಪ್ರತಿಚೀಟಿಯನ್ನೂ ಲಾಟರಿ ಕಚೇರಿಗೆ ಕಳಿಸದೆ ಡಬ್ಲಿನ್ನಿನ ಯಾವುದೋ ಖಾಸಗಿ ಮನೆಯ ವಿಳಾಸಕ್ಕೆ ಕಳಿಸುವ ಉಪಾಯ ಬಂತು. ದಾರಿಯಲ್ಲಿ ಸಿಕ್ಕಿಬಿದ್ದ ಲಕೋಟೆಯ ಒಡೆಯ ತಾನು ಆಟದಲ್ಲಿದ್ದೇನೆಂದೇ ತಿಳಿದು ಕೂತಿರುತ್ತಿದ್ದ. 1987ರಲ್ಲಿ ಆ ಸಂಸ್ಥೆ ಮುಚ್ಚಿತು. ಆದರೆ ಸುಳ್ಳು ವಿಳಾಸಕ್ಕೆ ಹಣ ಕಳಿಸುವ ಆ ಉಪಾಯ ಮುಚ್ಚಲಿಲ್ಲ, ಮುಂದೆ ಮತ್ತೆ ಬರುತ್ತದೆ.

ಇದಕ್ಕೆ ತೀರ ವಿರುದ್ಧವಾದದ್ದು ಇಂಗ್ಲೆಂಡಿನ ಫುಟ್‌ಬಾಲ್ ಪೂಲ್. 1923ರಲ್ಲಿ ಲಿವರ್‌ಪೂಲಿನಲ್ಲಿ ಜಾನ್ ಮೂರ್ಸ್ ತನ್ನ ಗೆಳೆಯರೊಡನೆ ಕಟ್ಟಿದ ಲಿಟಲ್‌ವುಡ್ಸ್ ಇದರಲ್ಲಿ ಹೆಸರಾದದ್ದು. 1920ರ ಒಂದು ಕಾಯಿದೆ ಫುಟ್‌ಬಾಲ್ ಮೇಲೆ ನಗದು ಬಾಜಿ ಕಟ್ಟುವುದನ್ನು ನಿಷೇಧಿಸಿತ್ತು. ಹಾಗಾಗಿ ಪೂಲ್ ಕಂಪನಿಗಳು ಗಿರಾಕಿಗೆ ಸಾಲ ಕೊಟ್ಟವು. ಈ ವಾರದ ಪಂದ್ಯಕ್ಕೆ ಗುರುತು ಹಾಕಿ ಕೂಪನ್ ಕಳಿಸಿ, ದುಡ್ಡು ಮುಂದಿನ ವಾರ ಪೋಸ್ಟಲ್ ಆರ್ಡರಿನಲ್ಲಿ ಕಳಿಸಿ! ಅಂದರೆ ಕಂಪನಿಯೇ ಲಕ್ಷಾಂತರ ಕೂಲಿಕಾರರನ್ನು ನಂಬಿ ಕೂತಿತ್ತು. ಈಗ ನಂಬಿ ಕೂರಬೇಕಾದವನು ಕೂಲಿಕಾರ. ಜೂಜಿನ ಇತಿಹಾಸ ಬರೆಯುವವರು ಆಟಗಳ ಬಗ್ಗೆಯೇ ಬರೆಯುತ್ತಾರೆ. ನನಗೆ ಕಾಣುವಂತೆ ನಿಜವಾದ ಪಲ್ಲಟ ನಡೆದದ್ದು ಇಲ್ಲಿ, ಮೊದಲು ಹಣ ಇಡಬೇಕಾದವರು ಯಾರೆಂಬುದರಲ್ಲಿ.

ಇನ್ನು ದ್ವೀಪಗಳ ಕಥೆ. ಕೆರೀಬಿಯನ್ ಸಮುದ್ರದಲ್ಲಿ ಆಂಟಿಗುವಾ ಎಂಬ ಪುಟ್ಟ ದೇಶವಿದೆ. ನಮಗೆ ವಿವಿಯನ್ ರಿಚರ್ಡ್ಸ್‌ನ ಊರೆಂದರೆ ಬೇಗ ಗೊತ್ತಾಗುತ್ತದೆ. ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟದು. ಅದು 1994ರಲ್ಲಿ ಒಂದು ಮುಕ್ತ ವ್ಯಾಪಾರ ಕಾಯಿದೆ ಮಾಡಿ, ಇಂಟರ್ನೆಟ್ಟಿನಲ್ಲಿ ಜೂಜು ನಡೆಸುವವರಿಗೆ ಪರವಾನಗಿ ಕೊಡತೊಡಗಿತು. ಗಿರಾಕಿಗಳು ಹೆಚ್ಚಾಗಿ ಅಮೆರಿಕದವರು. ಅಲ್ಲಿ 1961ರ ತಂತಿ ಕಾಯಿದೆ ಕ್ರೀಡೆಗಳ ಮೇಲಿನ ಬಾಜಿಯನ್ನು ರಾಜ್ಯ ದೇಶಗಳ ಗಡಿ ದಾಟಿಸುವುದನ್ನು ತಡೆದಿತ್ತು. ಜೇ ಕೋಹೆನ್ ಎಂಬ ಷೇರುಪೇಟೆಯ ಯುವಕ ಆಂಟಿಗುವಾಕ್ಕೆ ಹೋಗಿ ವರ್ಲ್ಡ್ ಸ್ಪೋರ್ಟ್ಸ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ನಡೆಸಿದ. ತಾನು ತಪ್ಪು ಮಾಡಿಲ್ಲವೆಂಬ ನಂಬಿಕೆಯಿಂದ ತಾನಾಗಿ ಅಮೆರಿಕಕ್ಕೆ ಮರಳಿ ವಿಚಾರಣೆ ಎದುರಿಸಿದ, 2000ದಲ್ಲಿ ಅಪರಾಧಿಯಾದ. 21 ತಿಂಗಳ ಶಿಕ್ಷೆ ಅನುಭವಿಸಿದ ಸೆರೆಮನೆ ಇದ್ದದ್ದು ಲಾಸ್ ವೇಗಾಸಿನ ಮಗ್ಗುಲಲ್ಲಿ, ಅಂದರೆ ಜೂಜಿನ ರಾಜಧಾನಿಯಲ್ಲೇ! ಆಂಟಿಗುವಾ ಸುಮ್ಮನಿರಲಿಲ್ಲ. 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. 2007ರ ಡಿಸೆಂಬರಿನಲ್ಲಿ ವರ್ಷಕ್ಕೆ 2 ಕೋಟಿ 10 ಲಕ್ಷ ಡಾಲರ್ ಮಟ್ಟಿಗೆ ಅಮೆರಿಕದ ಬೌದ್ಧಿಕ ಸ್ವತ್ತಿನ ಹಕ್ಕುಗಳನ್ನು ಬದಿಗಿಡಲು ಅದಕ್ಕೆ ಅನುಮತಿ ಸಿಕ್ಕಿತು. ಇರುವೆ ಆನೆಯ ಕಿವಿಗೆ ಹೊಕ್ಕಂತೆ ಎಂದು ಪತ್ರಿಕೆಗಳು ಮೆಚ್ಚಿಕೊಂಡವು. ನನಗೆ ಮಾತ್ರ ಅದೇ ಕೋಹೆನ್ ಕಟ್ಟಿದ ಸಂಸ್ಥೆ 2013ರಲ್ಲಿ ಬಾಗಿಲು ಹಾಕಿದಾಗ ತಮ್ಮ ಹಣ ಸಿಗದೆ ಉಳಿದ ಆಟಗಾರರ ಚಿಂತೆ. ವಿಶ್ವ ವ್ಯಾಪಾರ ಸಂಸ್ಥೆ ದ್ವೀಪದ ಹಕ್ಕು ನೋಡಿತು. ಗಿರಾಕಿಯ ಬಾಕಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ದ್ವೀಪಕ್ಕೆ ಕೈ ಚಾಚಲಾಗದೆಂದು ತಿಳಿದ ಮೇಲೆ ಅಮೆರಿಕ ಹಣದ ಕಾಲುವೆ ಕಟ್ಟಲು ಹೊರಟಿತು. ಕ್ರೆಡಿಟ್ ಕಾರ್ಡಿನ ಪ್ರತಿ ವ್ಯವಹಾರಕ್ಕೂ ವ್ಯಾಪಾರದ ಬಗೆ ತಿಳಿಸುವ ಒಂದು ಸಂಕೇತ ಸಂಖ್ಯೆ ಇರುತ್ತದೆ. ಜೂಜಿಗೆ 7995. ಬ್ಯಾಂಕುಗಳು ಆ ಸಂಖ್ಯೆ ಕಂಡೊಡನೆ ತಿರಸ್ಕರಿಸತೊಡಗಿದವು. 2002ರಲ್ಲಿ ಇಬೇ ಕಂಪನಿ ಪೇಪಾಲ್‌ಅನ್ನು ಕೊಂಡಾಗ ಅದೂ ಜೂಜಿನ ವ್ಯವಹಾರ ನಿಲ್ಲಿಸಿತು. ಆ ಜಾಗಕ್ಕೆ ಬಂದದ್ದು ಕೆನಡಾದಲ್ಲಿ ಹುಟ್ಟಿ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ನೆಲೆ ಬದಲಿಸಿದ ನೆಟೆಲರ್. ಗಿರಾಕಿ ಅದರಲ್ಲಿ ಹಣ ಇಡುವುದು, ಅದು ಜೂಜುಕಟ್ಟೆಗೆ ಕೊಡುವುದು, ಗೆದ್ದರೆ ಅದೇ ದಾರಿಯಲ್ಲಿ ವಾಪಸು. ಸಭಿಕನಿಗೂ ಒಬ್ಬ ಸಭಿಕ ಎನ್ನಿ.

2006ರ ಅಕ್ಟೋಬರ್ 13ರಂದು ಅಧ್ಯಕ್ಷ ಜಾರ್ಜ್ ಬುಷ್ ಬಂದರುಗಳ ಭದ್ರತೆಯ ಒಂದು ಕಾಯಿದೆಗೆ ಸಹಿ ಹಾಕಿದರು. ಅದರ ಬಾಲಕ್ಕೆ ಜೂಜಿನ ಹಣ ರವಾನೆಯನ್ನು ತಡೆಯುವ ಅಧ್ಯಾಯವೊಂದನ್ನು ಹೊಲಿದಿದ್ದರು. ಹಡಗಿಗೂ ಇಸ್ಪೀಟಿಗೂ ಏನು ಸಂಬಂಧ ಎಂದು ಕೇಳಬೇಡಿ, ಶಾಸನಸಭೆಗಳಲ್ಲಿ ಹೀಗೆಲ್ಲ ನಡೆಯುತ್ತದೆ. ಮೂರೇ ತಿಂಗಳಲ್ಲಿ, 2007ರ ಜನವರಿಯಲ್ಲಿ, ನೆಟೆಲರಿನ ಇಬ್ಬರು ಸಂಸ್ಥಾಪಕರನ್ನು ಅಮೆರಿಕದ ನೆಲದಲ್ಲಿ ಬಂಧಿಸಿದರು. ಸಂಸ್ಥೆ ಅಮೆರಿಕದ ವ್ಯವಹಾರ ನಿಲ್ಲಿಸಿತು. ಅಲ್ಲಿನ ಗಿರಾಕಿಗಳ ಸುಮಾರು 9 ಕೋಟಿ 40 ಲಕ್ಷ ಡಾಲರ್ ಹೆಪ್ಪುಗಟ್ಟಿ ನಿಂತಿತು. ಖಾತೆ ತೆರೆದರೆ ಅಂಕಿ ಕಾಣುತ್ತದೆ, ಕೈಗೆ ಬರುವುದಿಲ್ಲ. ಜುಲೈ ಕೊನೆಯಲ್ಲಿ, ಸಂಸ್ಥೆ ಸರ್ಕಾರಕ್ಕೆ 13 ಕೋಟಿ 60 ಲಕ್ಷ ಡಾಲರ್ ಒಪ್ಪಿಸುವ ಒಪ್ಪಂದವಾದ ಮೇಲೆ, ಗಿರಾಕಿಗಳಿಗೆ ಹಣ ಮರಳಿತು. ಏಕೆ ಮರಳಿತು? ಅವರ ಹಣವನ್ನು ಬೇರೆ ಇಟ್ಟಿದ್ದರು, ಅಷ್ಟೇ. ಇದನ್ನು ನೆನಪಿನಲ್ಲಿಡಿ.

ಕಾಲುವೆ ಕಟ್ಟಿದರೆ ನೀರು ಒಡ್ಡಿನ ಕೆಳಗಿಂದ ಜಿನುಗುತ್ತದೆ. ದೊಡ್ಡ ಕಂಪನಿಗಳು ಹಲವು ಅಮೆರಿಕ ಬಿಟ್ಟುಹೋದವು. ಪೋಕರ್ ಎಂಬ ಇಸ್ಪೀಟಾಟದ ಮೂರು ಕಂಪನಿಗಳು, ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಅಬ್ಸೊಲ್ಯೂಟ್, ಮಾತ್ರ ಉಳಿದುಕೊಂಡವು. ಹಣ ತರಿಸಲು ಅವು ಹಿಡಿದ ದಾರಿ ಡಬ್ಲಿನ್ನಿನ ಖಾಸಗಿ ವಿಳಾಸದ ಮರಿಮಗ. ಬಟ್ಟೆ, ಒಡವೆ, ಗಾಲ್ಫ್ ಕೋಲು, ಸೈಕಲ್ ಮಾರುವ ನಕಲಿ ಅಂಗಡಿಗಳನ್ನು ಇಂಟರ್ನೆಟ್ಟಿನಲ್ಲಿ ತೆರೆದರು. ಪೋಕರಿಗೆ ಕಟ್ಟಿದ ಹಣ ಬ್ಯಾಂಕಿನ ಲೆಕ್ಕದಲ್ಲಿ ಸೈಕಲ್ಲಿಗೆ ಕೊಟ್ಟದ್ದಾಯಿತು. ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಊರಲ್ಲಿ ಸನ್‌ಫಸ್ಟ್ ಎಂಬ ಸಣ್ಣ ಬ್ಯಾಂಕಿತ್ತು, ಬಂಡವಾಳಕ್ಕೆ ಪರದಾಡುತ್ತಿತ್ತು. ಹಣ ಸಾಗಿಸುವ ದಲ್ಲಾಳಿಗಳು ಅದರಲ್ಲಿ 1 ಕೋಟಿ ಡಾಲರ್ ಹೂಡುವುದಾಗಿ ಹೇಳಿದರು, ಬ್ಯಾಂಕು ಪೋಕರಿನ ಹಣ ಸಾಗಿಸಲು ಒಪ್ಪಿತು. ಆ ಬ್ಯಾಂಕನ್ನು ಸರ್ಕಾರ 2011ರ ನವೆಂಬರಿನಲ್ಲಿ ಮುಚ್ಚಿಸಿತು.

ಅದಕ್ಕೆ ಮುಂಚೆಯೇ ಸಿಡಿಲು ಬಿದ್ದಾಗಿತ್ತು. 2011ರ ಏಪ್ರಿಲ್ 15, ಶುಕ್ರವಾರ. ನ್ಯೂಯಾರ್ಕಿನ ಸರ್ಕಾರಿ ವಕೀಲ ಪ್ರೀತ್ ಭರಾರಾ, ಪಂಜಾಬಿನ ಫಿರೋಜ್‌ಪುರದಲ್ಲಿ ಹುಟ್ಟಿದವರು, 11 ಜನರ ಮೇಲೆ ಆರೋಪಪಟ್ಟಿ ಹೊರಡಿಸಿದರು. ಮೂರೂ ಕಂಪನಿಗಳ ವಿಳಾಸ ತೆರೆದವರಿಗೆ ಇಸ್ಪೀಟೆಲೆಯ ಬದಲು ಸರ್ಕಾರದ ಜಪ್ತಿ ನೋಟೀಸು ಕಾಣಿಸಿತು. ಆಟಗಾರರು ಅದನ್ನು ಕರಾಳ ಶುಕ್ರವಾರ ಎಂದು ಕರೆದರು. ಆಟವೇ ಉದ್ಯೋಗವಾಗಿದ್ದವರು ಅಲ್ಲಿ ಎಷ್ಟೋ ಮಂದಿ. ಅವರ ಮನೆ ಬಾಡಿಗೆ, ಮಕ್ಕಳ ಫೀಸು, ಎಲ್ಲವೂ ಆ ಖಾತೆಗಳಲ್ಲಿತ್ತು.

ಈಗ ನೋಡಿ ವ್ಯತ್ಯಾಸ. ಪೋಕರ್‌ಸ್ಟಾರ್ಸ್ ಕೆಲವೇ ವಾರಗಳಲ್ಲಿ ಅಮೆರಿಕದ ಆಟಗಾರರ ಹಣ ಹಿಂತಿರುಗಿಸಿತು. ಆಟಗಾರರ ಹಣವನ್ನು ತನ್ನ ಖರ್ಚಿನ ಹಣದಿಂದ ಬೇರೆ ಇಟ್ಟಿತ್ತು. ಫುಲ್ ಟಿಲ್ಟ್ ಹಾಗೆ ಇಟ್ಟಿರಲಿಲ್ಲ. 2011ರ ಮಾರ್ಚ್ ಕೊನೆಗೆ ಅದು ಜಗತ್ತಿನ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು 6 ಕೋಟಿ. ಅದಕ್ಕೆ ಮುಂಚಿನ ನಾಲ್ಕು ವರ್ಷಗಳಲ್ಲಿ ಮಾಲೀಕರು ಹಂಚಿಕೊಂಡದ್ದು 44 ಕೋಟಿ 40 ಲಕ್ಷ ಎಂದು ಸರ್ಕಾರ ಲೆಕ್ಕ ಕೊಟ್ಟಿತು. ಇದರಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಕಾಲುವೆಗಳು ಒಂದೊಂದಾಗಿ ಮುಚ್ಚಿದಾಗ ಆಟಗಾರರ ಬ್ಯಾಂಕಿನಿಂದ ಹಣ ಎಳೆಯಲು ಕಂಪನಿಗೆ ಸಾಧ್ಯವಾಗಲಿಲ್ಲ. ಹಾಗೆಂದು ಹೇಳಿದರೆ ಗಿರಾಕಿ ಹೋಗುತ್ತಾನೆ. ಆದ್ದರಿಂದ ಬಾರದ ಹಣವನ್ನು ಬಂದಿದೆಯೆಂದು ಖಾತೆಯಲ್ಲಿ ತೋರಿಸಿತು. ಅಂಥ ಭೂತದ ಜಮೆ ಸುಮಾರು 13 ಕೋಟಿ ಡಾಲರ್. ಜನ ಆ ಇಲ್ಲದ ಹಣದಿಂದ ಆಡಿದರು, ಇಲ್ಲದ ಹಣ ಸೋತರು, ಇಲ್ಲದ ಹಣ ಗೆದ್ದರು, ಗೆದ್ದವರು ಇರುವ ಹಣ ತೆಗೆದುಕೊಂಡು ಹೋದರು. ನಮ್ಮ ಶಾಲೆಯ ಲೆಕ್ಕದ ಮೇಷ್ಟರಿಗೆ ಇದನ್ನು ವಿವರಿಸಿದಾಗ ಅವರು ಚಾಕ್‌ಪೀಸು ಕೆಳಗಿಟ್ಟು, ಇದು ಚೀಟಿ ವ್ಯವಹಾರದವರ ಲೆಕ್ಕ ಎಂದರು. ಭರಾರಾ ಅವರೂ ಆ ವರ್ಷ ಸೆಪ್ಟೆಂಬರಿನಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು, ಪೊಂಜಿ ಯೋಜನೆ ಎಂಬ ಅವರ ಭಾಷೆಯಲ್ಲಿ.

ಫುಲ್ ಟಿಲ್ಟಿಗೆ ಪರವಾನಗಿ ಇರಲಿಲ್ಲವೆ? ಇತ್ತು. ಇಂಗ್ಲಿಷ್ ಕಡಲುಗಾಲುವೆಯಲ್ಲಿ ಆಲ್ಡರ್ನಿ ಎಂಬ ದ್ವೀಪವಿದೆ, ಜನ ಎರಡು ಸಾವಿರದಷ್ಟು, ನಮ್ಮ ಒಂದು ಸಣ್ಣ ಹಳ್ಳಿ. ಅದರ ಜೂಜು ಆಯೋಗ ಶುಲ್ಕ ಪಡೆದು ಪರವಾನಗಿ ಕೊಟ್ಟಿತ್ತು. 2011ರ ಜೂನ್ 29ರಂದು ಅದನ್ನು ಅಮಾನತು ಮಾಡಿತು, ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಮಾನತಾದೊಡನೆ ಜಗತ್ತಿನ ಬೇರೆ ಕಡೆಯ ಆಟಗಾರರ ಖಾತೆಗಳೂ ಮುಚ್ಚಿದವು. ಯಾಜ್ಞವಲ್ಕ್ಯನ ಮಾತಿನಲ್ಲಿ ರಾಜಭಾಗ ಸಂದಿತ್ತು, ಸಭಿಕನಿದ್ದ, ಕಟ್ಟೆ ಲೋಕಪ್ರಸಿದ್ಧವಾಗಿತ್ತು. ಕೊಡಿಸಬೇಕಾದ ರಾಜನ ಕೈಯಲ್ಲಿ ಮಾತ್ರ ಏನೂ ಆಗಲಿಲ್ಲ.

ಕೊನೆಗೆ ಕೊಡಿಸಿದ್ದು ಯಾರು ಗೊತ್ತೆ? ಒಂದು ಕಾಸೂ ರಾಜಭಾಗ ಪಡೆಯದ, ಆಟವನ್ನೇ ಅಪರಾಧವೆಂದ ಅಮೆರಿಕ ಸರ್ಕಾರ! 2012ರ ಜುಲೈ 31ರಂದು ಆದ ಒಪ್ಪಂದದಂತೆ ಪೋಕರ್‌ಸ್ಟಾರ್ಸ್ ಒಟ್ಟು 73 ಕೋಟಿ 10 ಲಕ್ಷ ಡಾಲರ್ ಕೊಟ್ಟು, ಎದುರಾಳಿ ಫುಲ್ ಟಿಲ್ಟನ್ನು ತಾನೇ ಪಡೆಯಿತು. ಅದರಲ್ಲಿ 18 ಕೋಟಿ 40 ಲಕ್ಷ ಬೇರೆ ದೇಶಗಳ ಆಟಗಾರರಿಗೆ ಮೀಸಲು. ಅವರಿಗೆ ಅದೇ ನವೆಂಬರಿನಲ್ಲಿ ಖಾತೆ ತೆರೆಯಿತು. ಅಮೆರಿಕದವರು ಮಾತ್ರ ಸರ್ಕಾರಕ್ಕೆ ಅರ್ಜಿ ಹಾಕಿ ಕಾಯಬೇಕಾಯಿತು. ಮೊದಲ ಕಂತಿನಲ್ಲಿ ಸುಮಾರು 27,500 ಜನರಿಗೆ 7 ಕೋಟಿ 60 ಲಕ್ಷ ಡಾಲರ್ ಸಂದದ್ದು 2014ರ ಫೆಬ್ರುವರಿ 28ರಂದು, ಹೆಚ್ಚುಕಡಿಮೆ ಮೂರು ವರ್ಷಗಳ ಮೇಲೆ. ಅಬ್ಸೊಲ್ಯೂಟಿನವರು ಅರ್ಜಿ ಹಾಕುವ ದಿನ ಬಂದದ್ದೇ 2017ರಲ್ಲಿ. ಪೋಕರ್‌ಸ್ಟಾರ್ಸಿನ ಸ್ಥಾಪಕ ಐಸೈ ಶೈನ್‌ಬರ್ಗ್ 2020ರಲ್ಲಿ 30,000 ಡಾಲರ್ ದಂಡ ಕಟ್ಟಿ ಮನೆಗೆ ಹೋದರು. ಆಟಗಾರರ ಹಣವನ್ನು ಮುಟ್ಟದೆ ಇಟ್ಟಿದ್ದವರೆಂದು ಅವರ ಮೇಲೆ ಆಟಗಾರರಿಗೆ ಈಗಲೂ ಸಿಟ್ಟಿಲ್ಲ.

ನಮ್ಮ ದೇಶದ ಸಂಗತಿಗೆ ಬರೋಣ. ವಿದೇಶಿ ವಿನಿಮಯ ಕಾಯಿದೆಯಡಿ 2000ದಲ್ಲಿ ಮಾಡಿದ ನಿಯಮಗಳಲ್ಲಿ, ಹೊರದೇಶಕ್ಕೆ ಹಣ ಕಳಿಸಲೇಬಾರದ ಕೆಲಸಗಳ ಒಂದು ಪಟ್ಟಿ ಇದೆ. ಲಾಟರಿ ಟಿಕೆಟ್ಟು, ನಿಷೇಧಿತ ಪತ್ರಿಕೆಗಳು, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಎಂದು ಅದರಲ್ಲಿ ಬರೆದಿದೆ. ಲಿವರ್‌ಪೂಲಿನ ಕೂಪನ್ನೂ ಡಬ್ಲಿನ್ನಿನ ಲಕೋಟೆಯೂ ನಮ್ಮ ಕಾಯಿದೆ ಪುಸ್ತಕದಲ್ಲಿ ಪಳೆಯುಳಿಕೆಯಂತೆ ಕೂತಿವೆ. ಮೊಬೈಲ್ ಆಟ ಬಂದ ಮೇಲೆ ಸರ್ಕಾರಕ್ಕೆ ಎರಡು ಮನಸ್ಸು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2023ರಲ್ಲಿ ಕೇಂದ್ರ ಸರ್ಕಾರ ಗೆಲುವಿನ ಮೇಲೆ ನೂರಕ್ಕೆ 30 ಆದಾಯ ತೆರಿಗೆ, ಅಕ್ಟೋಬರ್ 1ರಿಂದ ಕಟ್ಟಿದ ಹಣದ ಮೇಲೆ ನೂರಕ್ಕೆ 28 ಜಿಎಸ್‌ಟಿ ಹಾಕಿತು. ಕೌಟಿಲ್ಯ ನೂರಕ್ಕೆ 5ರಲ್ಲಿ ತೃಪ್ತನಾಗಿದ್ದ! ಎರಡೇ ವರ್ಷಕ್ಕೆ, 2025ರ ಆಗಸ್ಟಿನಲ್ಲಿ, ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆ ಮಾಡಿತು. ಆಡುವವನಿಗೆ ಶಿಕ್ಷೆಯಿಲ್ಲ, ಆಡಿಸುವವನಿಗೆ 3 ವರ್ಷದವರೆಗೆ ಸೆರೆ, ಬ್ಯಾಂಕುಗಳು ಹಣ ಸಾಗಿಸಬಾರದು. ದೇಶದೊಳಗಿನ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಅವುಗಳಿಗೆ ಇಲ್ಲಿ ಕಚೇರಿಯಿದೆ, ಬೋರ್ಡಿದೆ, ಬಾಗಿಲಿದೆ. ದ್ವೀಪದವರಿಗೆ ಅದ್ಯಾವುದೂ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2024ರ ಮಳೆಗಾಲದಲ್ಲಿ ಇಂಗ್ಲಿಷಿನಲ್ಲಿ ಕಾಗದವೊಂದನ್ನು ಬರೆಸಿಕೊಳ್ಳಲು ಮನೆಗೆ ಬಂದ. ಆ ಬೇಸಿಗೆಯ ಐಪಿಎಲ್ ಪಂದ್ಯಗಳ ಮೇಲೆ ಒಂದು ಪರದೇಶದ ಆಪಿನಲ್ಲಿ ಬಾಜಿ ಕಟ್ಟಿದ್ದ. ಗೆದ್ದೂ ಇದ್ದ, ಪರದೆಯ ಮೇಲೆ 1,84,000 ರೂಪಾಯಿ ಕಾಣುತ್ತಿತ್ತು. ತೆಗೆಯಲು ಹೋದರೆ ಮೊದಲು ಆಧಾರ್ ಕೇಳಿದರು, ಆಮೇಲೆ ಬ್ಯಾಂಕಿನ ಪುಸ್ತಕ, ಆಮೇಲೆ ಮುಖದ ಪಕ್ಕ ಕಾರ್ಡು ಹಿಡಿದ ಫೋಟೋ. ಎಲ್ಲ ಕಳಿಸಿದ ಮೇಲೆ ಖಾತೆಗೆ ಬೀಗ ಬಿತ್ತು. ಕಾರಣ, ಖಾತೆ ಅವನ ಹೆಸರಲ್ಲಿದೆ, ಹಣ ಬಂದದ್ದು ತಂದೆಯ ಯುಪಿಐಯಿಂದ, ಮೂರನೆಯವರ ಹಣ ನಿಯಮಕ್ಕೆ ವಿರುದ್ಧ. ಇರಲಿ, ಇವನು ಹಣ ಕಟ್ಟಿದ್ದು ಯಾರಿಗೆ ಎಂದು ಅವನ ಮೊಬೈಲಿನಲ್ಲಿ ನೋಡಿದೆ. ಒಂದು ದಿನ ಕಿರಾಣಿ ಅಂಗಡಿ, ಇನ್ನೊಂದು ದಿನ ಟೈಲರಿಂಗ್, ಮತ್ತೊಂದು ದಿನ ಯಾರೋ ಒಬ್ಬ ಹೆಣ್ಣುಮಗಳ ಹೆಸರು. ಆಪಿನ ಹೆಸರು ಎಲ್ಲಿಯೂ ಇಲ್ಲ. ತನಗೆ ಮೂರನೆಯವರು ನೂರು ಮಂದಿ ಇರಬಹುದು, ಗಿರಾಕಿಗೆ ಅಪ್ಪನೂ ಮೂರನೆಯವನೇ.

ಷರತ್ತುಗಳನ್ನು ಓದಲು ನನಗೆ ಎರಡು ಸಂಜೆ ಹಿಡಿಯಿತು. ಬೋನಸ್ ಎಂದು ಕೊಟ್ಟ ಹಣವನ್ನು ಹಲವು ಪಟ್ಟು ಆಡಿ ಮುಗಿಸದೆ ಏನನ್ನೂ ತೆಗೆಯುವಂತಿಲ್ಲ ಎಂದು ಒಂದು ಕಡೆ. ಕಾರಣ ಹೇಳದೆ ಖಾತೆ ಮುಚ್ಚುವ ಹಕ್ಕು ತಮಗಿದೆ ಎಂದು ಇನ್ನೊಂದು ಕಡೆ. ತಕರಾರಿದ್ದರೆ ಕ್ಯುರಸಾವ್ ದೇಶದ ಕಾನೂನು ಅನ್ವಯಿಸುತ್ತದೆ ಎಂದು ಕೊನೆಗೆ. ಹುಡುಗನಿಗೆ ಅದೆಲ್ಲಿದೆ ಎಂದೇ ಗೊತ್ತಿರಲಿಲ್ಲ. ಗೋಡೆಯ ನಕಾಶೆಯಲ್ಲಿ ವೆನಿಜುವೆಲಾದ ನೆತ್ತಿಯ ಮೇಲೆ ಚುಕ್ಕೆಯೊಂದನ್ನು ತೋರಿಸಿದೆ. ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ ದ್ವೀಪ ಅದು. 1993ರ ಕಾಯಿದೆಯಡಿ ಅಲ್ಲಿ ನಾಲ್ವರೇ ಮೂಲ ಪರವಾನಗಿದಾರರು, ಅವರು ಲೆಕ್ಕವಿಲ್ಲದಷ್ಟು ಕಂಪನಿಗಳಿಗೆ ಒಳಪರವಾನಗಿ ಕೊಡುತ್ತಿದ್ದರು. ಗಿರಾಕಿಯ ದೂರು ಯಾರ ಮೇಜಿಗೂ ಸರಿಯಾಗಿ ಸೇರುತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಆ ಪದ್ಧತಿ ಹೋಗಿ, ಸರ್ಕಾರವೇ ನೇರವಾಗಿ ಪರವಾನಗಿ ಕೊಡುವ ಹೊಸ ಕಾಯಿದೆ ಜಾರಿಗೆ ಬಂತು. ನಮ್ಮ ಹುಡುಗನ ಕಾಗದ ಹೋದದ್ದು ಅದಕ್ಕೆ ನಾಲ್ಕು ತಿಂಗಳು ಮುಂಚೆ. ಉತ್ತರವಾಗಿ ಯಂತ್ರ ಬರೆದ ಎರಡು ಸಾಲು ಬಂತು.

ಅದೇ ದೊಡ್ಡ ನಷ್ಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮೊದಮೊದಲು ಆಪಿನವರು ನಂಬಿಕೆ ಬರಲೆಂದು ಸಣ್ಣಪುಟ್ಟ ಗೆಲುವನ್ನು ಕೊಟ್ಟಿದ್ದರು. ಅದರಲ್ಲಿ 3,200 ರೂಪಾಯಿ ತಂದೆಯ ಬ್ಯಾಂಕ್ ಖಾತೆಗೆ ಬಂದದ್ದು ಯಾರೋ ಅಪರಿಚಿತರ ಖಾತೆಯಿಂದ. ಆ ಅಪರಿಚಿತ ಖಾತೆ ಇನ್ನೆಲ್ಲೋ ನಡೆದ ಮೋಸದ ಹಣ ಹರಿದ ಖಾತೆ. ಹೊರರಾಜ್ಯದ ಸೈಬರ್ ಪೊಲೀಸರು ಸರಪಳಿ ಹಿಡಿದು ಬಂದು ತಂದೆಯ ಖಾತೆಯನ್ನು ತಡೆಹಿಡಿಸಿದರು. ಅದರಲ್ಲಿದ್ದದ್ದು ಆ ವರ್ಷದ ತೊಗರಿ ಮಾರಿದ ಹಣ. ಮುಂಗಾರಿನ ಬೀಜ, ಗೊಬ್ಬರಕ್ಕೆ ಇಟ್ಟದ್ದು. ಬಾಜಿ ಎಂದರೇನೆಂದು ತಿಳಿಯದ ಆ ಮನುಷ್ಯ ಬ್ಯಾಂಕಿನ ಕಟಕಟೆಯ ಮುಂದೆ ಪಾಸ್‌ಬುಕ್ ಹಿಡಿದು, ಹಣ ನನ್ನದೇ ಅಲ್ಲವೇನ್ರೀ ಎಂದು ಕೇಳಿದನಂತೆ. ಹೌದು, ಆದರೆ ಕೊಡಲು ಬರುವುದಿಲ್ಲ ಎಂದು ಅವರೆಂದರಂತೆ.

ನಾನು ಬರೆದ ಕಾಗದಗಳಲ್ಲಿ ಕೆಲಸಕ್ಕೆ ಬಂದದ್ದು ಇದರದ್ದು. ತೊಗರಿ ಖರೀದಿಯ ರಸೀದಿ, ಪಹಣಿ, ಹಣ ಬಂದ ದಿನಾಂಕಗಳು, ಇವನ್ನೆಲ್ಲ ಲಗತ್ತಿಸಿ ಆ ಪೊಲೀಸ್ ಠಾಣೆಗೂ ಬ್ಯಾಂಕಿಗೂ ನಮ್ಮ ಜಿಲ್ಲೆಯ ಪೊಲೀಸರಿಗೂ ಕಳಿಸಿದೆವು. ಇಡೀ ಖಾತೆಯನ್ನಲ್ಲ, ತಕರಾರಿನ 3,200ನ್ನು ಮಾತ್ರ ಹಿಡಿದಿಟ್ಟುಕೊಳ್ಳಿ ಎಂಬುದೊಂದೇ ನಮ್ಮ ಕೋರಿಕೆ. ಅದನ್ನು ಅವರು ಒಪ್ಪುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಆ ಮುಂಗಾರಿಗೆ ಬೀಜ ತಂದದ್ದು ನೂರಕ್ಕೆ 3ರ ತಿಂಗಳ ಬಡ್ಡಿಗೆ, ಅದೇ ಊರಿನ ಒಬ್ಬರಿಂದ. ತೊಗರಿಯ ಹಣ ಬಂದ ವಾರದಲ್ಲೇ ಅವರಿಗೆ ಕೊಟ್ಟು ಮುಗಿಸಿದರು. ಆಪಿನ ಖಾತೆಯಲ್ಲಿ 1,84,000 ರೂಪಾಯಿ ಬಹಳ ದಿನ ಹಾಗೇ ಕಾಣುತ್ತಿತ್ತು. ಈಚೆಗೆ ಆ ವಿಳಾಸವೇ ತೆರೆಯುವುದಿಲ್ಲವೆಂದು ಹುಡುಗ ಹೇಳಿದ.